ದುರ್ಗದ ಕೋಟೆ ಹತ್ತಲು ಸ್ವಂತಕ್ಕೊಬ್ಬ ಗೈಡ್ ಬೇಕೇ, ಗುಂಪಿನ ಪ್ರವಾಸ ಸಾಕೇ?

ದಸರೆ ರಜೆ ಬಿಟ್ಟಿತೆಂದರೆ ದಾವಣಗೆರೆಯ ನಮ್ಮ ಮನೆಗೆ ನೆಂಟರು ಬರುತ್ತಾರೆ. ಮೊದಲ ದಿನ ಬೆಣ್ಣೆದೋಸೆ, ಎರಡನೆಯ ದಿನ ‘ದುರ್ಗಕ್ಕೆ ಯಾವಾಗ ಹೋಗೋಣ?’ ಎಂಬ ಮಾತು. ನನ್ನ ತವರು ಚಿತ್ರದುರ್ಗ. ಹಾಗಾಗಿ ಕೋಟೆ ತೋರಿಸುವ ಕೆಲಸ ಮದುವೆಯಾದ ವರ್ಷದಿಂದಲೂ ನನ್ನ ಪಾಲಿಗೇ ಬಂದಿದೆ. ಸ್ವಂತಕ್ಕೆ ಗೈಡ್ ಗೊತ್ತುಮಾಡಿಕೊಂಡು ಹತ್ತಿದ್ದೇನೆ, ಪ್ರವಾಸದ ಬಸ್ಸಿನವರ ಗುಂಪಿನಲ್ಲಿ ಸೇರಿಕೊಂಡು ಹತ್ತಿದ್ದೇನೆ, ಮೊಬೈಲ್ ನೋಡಿಕೊಂಡು ಒಬ್ಬಳೇ ಹತ್ತಿದ್ದೇನೆ, ಊರಿನ ಹಿರಿಯ ಮೇಷ್ಟ್ರೊಬ್ಬರ ಹಿಂದೆ ಕೇಳುತ್ತಾ ನಡೆದಿದ್ದೇನೆ. ನಾಲ್ಕರಲ್ಲೂ ಕಂಡದ್ದು ಬೇರೆ, ದಣಿದದ್ದೂ ಬೇರೆ. ಯಾರಿಗೆ ಯಾವುದು ಹೊಂದುತ್ತದೆ ಎಂದು ನೆಂಟರು ಫೋನಿನಲ್ಲಿ ಕೇಳಿದಾಗಲೆಲ್ಲ ಹೇಳುವುದನ್ನೇ ಇಲ್ಲಿ ಬರೆದಿಡುತ್ತಿದ್ದೇನೆ.

ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ. ಮೊದಲ ಸಲ ಬರುವವರು, ಅದರಲ್ಲೂ ಮಕ್ಕಳನ್ನೋ ವಯಸ್ಸಾದವರನ್ನೋ ಕರೆದುಕೊಂಡು ಬರುವವರು, ತಮ್ಮ ಮನೆಯವರಿಗಷ್ಟೇ ಎಂದು ಒಬ್ಬ ಗೈಡ್ ಗೊತ್ತುಮಾಡಿಕೊಳ್ಳಿ. ಆದರೆ ದುಡ್ಡಿನ ಮಾತಾಡುವ ಮೊದಲು ಅವರನ್ನು ಒಂದು ಪ್ರಶ್ನೆ ಕೇಳಿ: ‘ಕೋಟೆಯ ಮೇಲೆ ಬಿದ್ದ ಮಳೆ ನೀರು ಎಲ್ಲಿಂದ ಎಲ್ಲಿಗೆ ಹೋಗುತ್ತದೆ?’ ಅವರು ಕೈ ಎತ್ತಿ ಬೆಟ್ಟದ ಕಡೆ ತೋರಿಸುತ್ತಾ ಹೊಂಡಗಳ ಹೆಸರನ್ನು ಒಂದೊಂದಾಗಿ ಹೇಳತೊಡಗಿದರೆ ಕಣ್ಣು ಮುಚ್ಚಿ ಅವರ ಹಿಂದೆ ಹೊರಡಿ. ‘ಅದೆಲ್ಲ ಮೇಲೆ ಹೋದಾಗ ನೋಡೋಣ ಬನ್ನಿ’ ಎಂದರೆ ಇನ್ನೊಬ್ಬರನ್ನು ಹುಡುಕಿ.

ಈ ಪ್ರಶ್ನೆಯೇ ಏಕೆ ಎಂದು ಹೇಳಬೇಕಾದರೆ ಕೋಟೆಯ ಬಗ್ಗೆ ಸ್ವಲ್ಪ ಹೇಳಬೇಕು.

ಕಲ್ಲು ಎಲ್ಲರಿಗೂ ಕಾಣುತ್ತದೆ

ದುರ್ಗದ್ದು ಏಳು ಸುತ್ತಿನ ಕೋಟೆ. ಮೂರು ಸುತ್ತು ಕೆಳಗಿನ ನೆಲದಲ್ಲಿ, ನಾಲ್ಕು ಸುತ್ತು ಬೆಟ್ಟದ ಮೇಲೆ. ಕೆಳಗಿನ ಸುತ್ತುಗಳ ನಡುವೆಯೇ ಹಳೆಯ ಊರು ಬೆಳೆದಿರುವುದರಿಂದ ಅವು ಮನೆಗಳ ಹಿಂದೆ, ಓಣಿಗಳ ಕೊನೆಯಲ್ಲಿ ತುಂಡು ತುಂಡಾಗಿ ಸಿಗುತ್ತವೆ. 19 ಹೆಬ್ಬಾಗಿಲು, 38 ದಿಡ್ಡಿ ಬಾಗಿಲು, 35 ಕಳ್ಳಗಂಡಿ, 4 ಗುಪ್ತದ್ವಾರ ಎಂಬ ಲೆಕ್ಕವನ್ನು ದುರ್ಗದ ಶಾಲೆಗಳಲ್ಲಿ ಓದಿದವರು ಮಗ್ಗಿಯಂತೆ ಒಪ್ಪಿಸುತ್ತಾರೆ. 1568ರಲ್ಲಿ ತಿಮ್ಮಣ್ಣ ನಾಯಕ ಆಳ್ವಿಕೆ ಆರಂಭಿಸಿದ್ದರಿಂದ 1779ರಲ್ಲಿ ಕೊನೆಯ ಮದಕರಿ ನಾಯಕ ಹೈದರಾಲಿಯ ವಶವಾಗುವವರೆಗೆ, ಇನ್ನೂರು ವರ್ಷಕ್ಕೂ ಹೆಚ್ಚು ಕಾಲ ನಾಯಕರು ಈ ಕೋಟೆಯನ್ನು ಕಟ್ಟುತ್ತಲೇ ಬಂದರು. ಎದುರಿಗೆ ನಿಂತರೆ ಬುರುಜು, ಕೊತ್ತಲ, ಗುಂಡುಕಲ್ಲು ಎಲ್ಲವೂ ಯಾರ ಸಹಾಯವೂ ಇಲ್ಲದೆ ಕಾಣುತ್ತವೆ. ಬಂಡೆಯ ತಲೆಯ ಮೇಲೆ ಗೋಡೆ ಎದ್ದಿರುವುದು, ಗೋಡೆ ಎಲ್ಲಿ ಮುಗಿಯಿತು, ಬಂಡೆ ಎಲ್ಲಿ ಶುರುವಾಯಿತು ಎಂದು ತಿಳಿಯದಂತೆ ಕಲ್ಲಿಗೆ ಕಲ್ಲು ಕೂಡಿರುವುದು, ಇವನ್ನು ನೋಡಿ ಬೆರಗಾಗಲು ಗೈಡ್ ಬೇಕಿಲ್ಲ.

ಆದರೆ ಮಳೆ ಕಡಿಮೆ ಬೀಳುವ ಈ ಸೀಮೆಯಲ್ಲಿ, ನದಿಯೊಂದೂ ಹತ್ತಿರವಿಲ್ಲದ ಈ ಬಂಡೆಗಳ ಮೇಲೆ, ಮುತ್ತಿಗೆಯ ತಿಂಗಳುಗಳಲ್ಲಿ ಸಾವಿರಾರು ಜನ ಏನು ಕುಡಿದರು? ಕೋಟೆಯ ಜೀವ ಇರುವುದು ಈ ಪ್ರಶ್ನೆಯ ಉತ್ತರದಲ್ಲಿ. ಬಂಡೆಗಳ ಮೇಲೆ ಬಿದ್ದ ಹನಿಯನ್ನೆಲ್ಲ ಇಳಿಜಾರಿನಲ್ಲಿ ಹಿಡಿದು ಗೋಪಾಲಸ್ವಾಮಿ ಹೊಂಡಕ್ಕೆ ತಂದರು. ಅದು ತುಂಬಿ ಹರಿದದ್ದು ಅಕ್ಕ ತಂಗಿಯರ ಹೊಂಡಕ್ಕೆ ಇಳಿಯುತ್ತದೆ. ಅಲ್ಲಿಂದ ಕೆಳಗೆ ಊರಿನೊಳಗಿನ ಸಿಹಿನೀರು ಹೊಂಡ, ಅದರಾಚೆ ಸಂತೆಹೊಂಡ. ಮೇಲಿನವರು ಕುಡಿದು ಉಳಿದದ್ದು ಕೆಳಗಿನ ಪೇಟೆಗೆ. ಇಷ್ಟನ್ನೂ ಒಂದು ಫಲಕ ನಿಮಗೆ ಹೇಳಿಕೊಡುವುದಿಲ್ಲ. ಹೊಂಡದ ದಂಡೆಯಲ್ಲಿ ನಿಂತವರು ಫೋಟೊ ತೆಗೆದುಕೊಂಡು ಮುಂದಕ್ಕೆ ಹೋಗುತ್ತಾರೆ. ನೀರು ಆಚೆ ಹೋಗುವ ತೂಬು ಎಲ್ಲಿದೆ ಎಂದು ಬಗ್ಗಿ ನೋಡುವವರು ಕಡಿಮೆ. ಅದನ್ನು ಬಗ್ಗಿ ತೋರಿಸುವವರು ಸಿಕ್ಕರೆ ಅವರಿಗೆ ಕೊಟ್ಟ ದುಡ್ಡು ದಂಡವಾಗುವುದಿಲ್ಲ.

ಸ್ವಂತಕ್ಕೊಬ್ಬ ಗೈಡ್

ನಾಲ್ಕು ವರ್ಷದ ಹಿಂದೆ ನಾದಿನಿಯ ಕುಟುಂಬ ಬಂದಿತ್ತು. ನಾದಿನಿ, ಅವಳ ಗಂಡ, ಹತ್ತು ವರ್ಷದ ಮಗ, ಜೊತೆಗೆ ನಮ್ಮ ಅತ್ತೆ. ಟಿಕೆಟ್ ಕೌಂಟರಿನ ಬಳಿ ಗುರುತಿನ ಚೀಟಿ ತೂಗುಹಾಕಿಕೊಂಡ, ಐವತ್ತು ದಾಟಿದ ಗೈಡೊಬ್ಬರು ನಿಂತಿದ್ದರು. ನನ್ನ ನೀರಿನ ಪ್ರಶ್ನೆಗೆ ಅವರು ಉತ್ತರ ಹೇಳುವ ಮೊದಲು ತಿರುಗಿ ಕೇಳಿದ್ದು, ‘ತಾಯಿಯವರ ಮೊಣಕಾಲು ಹೇಗಿದೆ ಅಮ್ಮಾ?’ ಆ ಒಂದು ಮಾತಿಗೇ ನಾನು ಒಪ್ಪಿಬಿಟ್ಟೆ. ಅತ್ತೆಗೆ ಎಷ್ಟು ದೂರ ಸಾಧ್ಯ, ಎಲ್ಲಿ ಕೂರಿಸಬಹುದು, ಎಲ್ಲಿ ನೆರಳಿದೆ ಎಂದು ಅವರೇ ಲೆಕ್ಕ ಹಾಕಿದರು.

ಒಳಗೆ ಹೋಗುವಾಗ ದಾರಿ ಏಕೆ ನೆಟ್ಟಗಿಲ್ಲ ಎಂದು ಹುಡುಗನನ್ನು ಕೇಳಿದರು. ಅವನು ತಲೆ ಆಡಿಸಿದ. ‘ನೀನು ಆನೆಯಾಗಿದ್ದರೆ ಬಾಗಿಲು ಮುರಿಯಲು ಎಲ್ಲಿಂದ ಓಡಿಬರುತ್ತಿದ್ದೆ? ಓಡು ನೋಡೋಣ’ ಎಂದರು. ಹುಡುಗ ಓಡಿದ. ನಾಲ್ಕು ಹೆಜ್ಜೆಗೆ ಗೋಡೆ ಎದುರಾಯಿತು. ಹೆಬ್ಬಾಗಿಲಿನ ಮುಂದೆ ದಾರಿಯನ್ನು ಹೀಗೆ ತಿರುವಿದರೆ ಆನೆಗೆ ವೇಗ ಸಿಗುವುದಿಲ್ಲ, ತಿರುಗಿದವನ ಬೆನ್ನು ಮೇಲಿನ ಕಾವಲಿನವನಿಗೆ ಗುರಿಯಾಗುತ್ತದೆ ಎಂಬುದು ಅವನಿಗೆ ಕಾಲಿನಿಂದಲೇ ಅರ್ಥವಾಯಿತು. ಮೂವತ್ತು ಜನರ ಗುಂಪಿನಲ್ಲಿ ಹೀಗೆ ಯಾವ ಮಗುವನ್ನೂ ಓಡಿಸಲಾಗದು.

ಮದ್ದು ಬೀಸುವ ಕಲ್ಲುಗಳ ಬಳಿ ನಾವು ಅರ್ಧ ಗಂಟೆ ನಿಂತಿದ್ದೆವು. ನೆಲದ ಮಟ್ಟದಿಂದ ಕೆಳಗೆ ಕಲ್ಲು ಕಟ್ಟಿದ ಚೌಕದ ಗುಂಡಿ, ಅದರೊಳಗೆ ನಾಲ್ಕು ದೈತ್ಯ ಬೀಸುವ ಕಲ್ಲು. ನಾದಿನಿ ಅದನ್ನು ರಾಗಿ ಬೀಸುವ ಜಾಗವೆಂದು ತಿಳಿದಿದ್ದಳು. ಅಷ್ಟು ದೊಡ್ಡ ಕಲ್ಲನ್ನು ಮನುಷ್ಯರು ತಿರುಗಿಸುವಂತಿಲ್ಲ, ಪ್ರಾಣಿಗಳನ್ನು ಕಟ್ಟಿ ತಿರುಗಿಸುತ್ತಿದ್ದರು, ತುಪಾಕಿಯ ಮದ್ದನ್ನು ಇಲ್ಲಿಯೇ ಅರೆಯುತ್ತಿದ್ದರು ಎಂದು ಗೈಡ್ ವಿವರಿಸಿದರು. ಹುಡುಗನಿಗೆ ಗುಂಡಿಯ ಅಂಚಿನಿಂದ ಕದಲಲು ಮನಸ್ಸಿರಲಿಲ್ಲ. ಗೈಡ್ ಗಡಿಯಾರ ನೋಡಲಿಲ್ಲ. ನಿಮ್ಮವರಿಗಷ್ಟೇ ಎಂದು ಗೊತ್ತುಮಾಡಿಕೊಂಡ ಗೈಡಿನಿಂದ ಸಿಗುವ ದೊಡ್ಡ ಲಾಭ ನಿಲ್ಲುವ ಸ್ವಾತಂತ್ರ್ಯವೇ.

ಅದರಾಚೆ ಒಂದು ಬಂಡೆಯ ಮೈಮೇಲೆ ಸಾಲಾಗಿ ಕೊರೆದ ತೂತುಗಳಿದ್ದವು. ನಾನು ಚಿಕ್ಕವಳಿದ್ದಾಗಿನಿಂದ ನೂರು ಸಲ ಅದರ ಪಕ್ಕದಲ್ಲಿ ನಡೆದಿದ್ದೆ. ಗೈಡ್ ನನ್ನ ಕೈ ಬೆರಳನ್ನು ಒಂದು ತೂತಿನೊಳಗೆ ಇಡಲು ಹೇಳಿದರು. ಎರಡು ಗೆಣ್ಣು ಒಳಗೆ ಹೋಯಿತು. ಅಂಚು ನುಣುಪಾಗಿತ್ತು, ತಳದಲ್ಲಿ ಮಣ್ಣು ಕೂತಿತ್ತು. ಒಣಗಿದ ಮರದ ಬೆಣೆಯನ್ನು ಇದರೊಳಗೆ ಬಡಿದು ನೀರು ಹಾಕುತ್ತಿದ್ದರು, ಮರ ಉಬ್ಬಿ ಬಂಡೆ ಗೆರೆ ಎಳೆದಂತೆ ಸೀಳುತ್ತಿತ್ತು ಎಂದರು. ಈ ಸಾಲು ಸೀಳದೆ ಉಳಿದದ್ದು. ಯಾರೋ ಅಳತೆ ಹಾಕಿ, ತೂತು ಕೊರೆದು, ಆಮೇಲೆ ಕೈಬಿಟ್ಟ ಕೆಲಸ. ಕೋಟೆ ಕಟ್ಟಿದ ಕಲ್ಲುಕುಟಿಗರ ಹೆಸರು ನಮಗೆ ಉಳಿದಿಲ್ಲ. ಆ ತೂತಿನಲ್ಲಿ ಬೆರಳಿಟ್ಟಾಗ ಅವರ ಪಕ್ಕದಲ್ಲಿ ನಿಂತ ಹಾಗೆ ಅನಿಸಿತು. ತವರಿನ ಕೋಟೆಯನ್ನು ನನಗೇ ಹೊಸದಾಗಿ ತೋರಿಸಿಕೊಟ್ಟ ಆ ಮನುಷ್ಯನನ್ನು ಇಂದಿಗೂ ನೆನೆಯುತ್ತೇನೆ.

ಇದರ ಇನ್ನೊಂದು ಮುಖವನ್ನೂ ಹೇಳಬೇಕು. ಸ್ವಂತಕ್ಕೆ ಗೊತ್ತುಮಾಡಿಕೊಂಡವರೆಲ್ಲ ಹೀಗಿರುವುದಿಲ್ಲ. ಇನ್ನೊಂದು ವರ್ಷ ಬಂದ ಗೈಡ್ ದಾರಿಯುದ್ದಕ್ಕೂ ನಿಧಿಯ ಕಥೆ ಹೇಳಿದ. ಇಲ್ಲಿ ಏಳು ಕೊಪ್ಪರಿಗೆ, ಅಲ್ಲಿ ಸರ್ಪಗಾವಲು. ನಿಧಿಯ ಆಸೆಗೆ ನಮ್ಮ ಸೀಮೆಯಲ್ಲಿ ಎಷ್ಟು ಗುಡಿಗಳ ಪೀಠ ಕಿತ್ತಿದ್ದಾರೆ, ಎಷ್ಟು ಬಸವಣ್ಣನ ವಿಗ್ರಹಗಳನ್ನು ಒಡೆದಿದ್ದಾರೆ ಎಂಬುದನ್ನು ಬಲ್ಲ ನನಗೆ ಆ ಕಥೆಗಳನ್ನು ಮಕ್ಕಳ ಮುಂದೆ ಕೇಳುವುದು ಸಂಕಟವಾಯಿತು. ಸಾಲದ್ದಕ್ಕೆ ಆತ ಹನ್ನೊಂದು ಗಂಟೆಗೆ ಇನ್ನೊಂದು ಕುಟುಂಬವನ್ನು ಒಪ್ಪಿಕೊಂಡಿದ್ದ. ಏಕನಾಥೇಶ್ವರಿ ಗುಡಿ ಮುಟ್ಟುವ ಹೊತ್ತಿಗೆ ನಮ್ಮನ್ನು ಇಳಿಸಲು ಆತುರಪಡತೊಡಗಿದ. ತಪ್ಪು ನನ್ನದೂ ಇತ್ತು. ಎಷ್ಟು ಹೊತ್ತು, ಎಲ್ಲಿಯವರೆಗೆ ಎಂದು ಮೊದಲೇ ಮಾತಾಡಿರಲಿಲ್ಲ.

ಹಾಗಾಗಿ ಮೆಟ್ಟಿಲು ಹತ್ತುವ ಮೊದಲೇ ಎಲ್ಲವನ್ನೂ ಖಚಿತಪಡಿಸಿಕೊಳ್ಳಿ. ಗುರುತಿನ ಚೀಟಿ ನೋಡಿ. ದರ ತಲೆಗೋ ಗುಂಪಿಗೋ ಕೇಳಿ, ಗುಂಪಿಗೆ ಎಂದೇ ಮಾತಾಡಿ. ಗೋಪಾಲಸ್ವಾಮಿ ಹೊಂಡ ಮತ್ತು ಅಕ್ಕ ತಂಗಿಯರ ಹೊಂಡದವರೆಗೂ ಬರಬೇಕು ಎಂದು ಹೆಸರು ಹಿಡಿದೇ ಹೇಳಿ, ಏಕೆಂದರೆ ಬಹಳ ಜನರ ‘ಪೂರ್ತಿ ಕೋಟೆ’ ಓಬವ್ವನ ಕಿಂಡಿಗೂ ಹಿಡಿಂಬೇಶ್ವರನ ಗುಡಿಗೂ ಮುಗಿದುಹೋಗುತ್ತದೆ. ಮೂರು ಗಂಟೆಗೆ ಕಡಿಮೆ ಎಂದರೆ ಒಪ್ಪಬೇಡಿ. ಐದಾರು ಜನರ ಕುಟುಂಬಕ್ಕೆ ಹಂಚಿದರೆ ತಲೆಗೆ ಬರುವ ಖರ್ಚು ಒಂದು ಹೊತ್ತಿನ ಹೋಟೆಲ್ ತಿಂಡಿಯಷ್ಟೇ. ಚೌಕಾಸಿ ಮಾಡಿ ಅವರ ಉತ್ಸಾಹ ಇಳಿಸುವುದಕ್ಕಿಂತ ಕೇಳಿದಷ್ಟು ಕೊಟ್ಟು ಒಂದು ಗಂಟೆ ಹೆಚ್ಚು ಕೇಳುವುದು ಲೇಸು. ದುರ್ಗದ ಗೈಡುಗಳಲ್ಲಿ ಹಲವರು ದಿನಕ್ಕೆ ಎರಡು ಸಲ ಈ ಬೆಟ್ಟ ಹತ್ತಿ ಇಳಿಯುತ್ತಾರೆ. ಅವರ ಮೊಣಕಾಲಿಗೂ ವಯಸ್ಸಾಗುತ್ತದೆ.

ಗುಂಪಿನ ಪ್ರವಾಸ

ಇದರ ಬಗ್ಗೆ ಹೆಚ್ಚು ಬರೆಯಲಾರೆ. ಬಸ್ಸಿನ ಪ್ರವಾಸದಲ್ಲಿ ದುರ್ಗ ಸಾಮಾನ್ಯವಾಗಿ ದಾರಿಯ ನಡುವಿನ ಒಂದು ನಿಲ್ದಾಣ. ಬೆಂಗಳೂರಿನಿಂದ ಹಂಪಿಗೆ ಹೋಗುವವರು ಇಲ್ಲಿ ಇಳಿದು, ಒಂದೂವರೆ ಗಂಟೆಯಲ್ಲಿ ಹತ್ತಿ ಇಳಿದು ಊಟಕ್ಕೆ ಓಡುತ್ತಾರೆ. ನಾನು ಸೇರಿಕೊಂಡಿದ್ದ ಗುಂಪಿನಲ್ಲಿ ಗೈಡಿನ ಮಾತು ಮುಂದಿನ ಹತ್ತು ಜನರಿಗೆ ಕೇಳುತ್ತಿತ್ತು. ಹಿಂದಿನವರು ಬಂದು ಸೇರುವಷ್ಟರಲ್ಲಿ ಮುಂದಿನವರು ಹೊರಟಿರುತ್ತಿದ್ದರು. ಓಬವ್ವನ ಕಿಂಡಿಯ ಮುಂದೆ ಸರದಿ ನಿಂತು, ಒಬ್ಬೊಬ್ಬರಾಗಿ ಬಗ್ಗಿ ಫೋಟೊ ತೆಗೆಸಿಕೊಳ್ಳುವುದರಲ್ಲೇ ಇಪ್ಪತ್ತು ನಿಮಿಷ ಹೋಯಿತು.

ಒಂದೇ ಒಂದು ಸಂದರ್ಭದಲ್ಲಿ ಗುಂಪು ಒಳ್ಳೆಯದು. ಒಂಟಿಯಾಗಿ ಪ್ರಯಾಣಿಸುವ, ಕೋಟೆಯ ದಾರಿ ಗೊತ್ತಿಲ್ಲದ, ಖರ್ಚು ಹಿಡಿದು ಮಾಡಬೇಕಾದ ಹೆಣ್ಣುಮಕ್ಕಳಿಗೆ ಅದು ನೆಮ್ಮದಿ ಕೊಡುತ್ತದೆ. ಆಗಲೂ ನನ್ನ ಸಲಹೆ, ಟಿಕೆಟ್ ಕೌಂಟರಿನ ಬಳಿ ಸ್ವಲ್ಪ ಕಾದು ಇನ್ನೊಂದು ಸಣ್ಣ ಕುಟುಂಬದ ಜೊತೆ ಮಾತಾಡಿ, ಗೈಡಿನ ದುಡ್ಡು ಹಂಚಿಕೊಳ್ಳಿ. ನಮ್ಮ ಕಡೆಯ ಜನ ‘ಬನ್ನಿ, ಅದಕ್ಕೇನು’ ಎನ್ನುತ್ತಾರೆಯೇ ಹೊರತು ಮುಖ ತಿರುಗಿಸುವುದಿಲ್ಲ. ನಾನೇ ಹೀಗೆ ಇಬ್ಬರು ಕಾಲೇಜು ಹುಡುಗಿಯರನ್ನು ಸೇರಿಸಿಕೊಂಡು ಹೋಗಿದ್ದೇನೆ. ಒಬ್ಬಳು ಭೂವಿಜ್ಞಾನ ಓದುತ್ತಿದ್ದಳು. ಕೋಟೆಯ ಬೆಣಚುಕಲ್ಲಿನ ವಯಸ್ಸು ಕೋಟಿ ವರ್ಷಗಳ ಲೆಕ್ಕದ್ದು, ಇಲ್ಲೇ ಹತ್ತಿರದ ಮರಡಿಹಳ್ಳಿಯಲ್ಲಿ ನೀರಿನಡಿ ಉಕ್ಕಿ ದಿಂಬಿನಾಕಾರದಲ್ಲಿ ಗಟ್ಟಿಯಾದ ಲಾವಾರಸ ರಾಷ್ಟ್ರೀಯ ಸ್ಮಾರಕವಾಗಿದೆ ಎಂದು ಅವಳು ಹೇಳಿದಾಗ ನಮ್ಮ ಗೈಡೇ ಕಿವಿಗೊಟ್ಟು ಕೇಳುತ್ತಾ ನಿಂತುಬಿಟ್ಟರು.

ಒಬ್ಬರೇ ಹತ್ತುವುದು

ಎರಡನೆಯ ಸಲಕ್ಕೆ ಇದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ಬೆಳಿಗ್ಗೆ ಆರು ಗಂಟೆಗೆ ಕೋಟೆಯ ಬಾಗಿಲು ತೆರೆಯುತ್ತದೆ. ಆ ಹೊತ್ತಿಗೆ ವಾಯುವಿಹಾರದ ಊರಿನವರು, ಕೋತಿಗಳು, ಬಂಡೆಯ ಮೇಲೆ ಬಿಸಿಲು ಕಾಯಿಸುವ ಓತಿಕ್ಯಾತಗಳು ಬಿಟ್ಟರೆ ಯಾರೂ ಇರುವುದಿಲ್ಲ. ಸಂಪಿಗೆ ಸಿದ್ಧೇಶ್ವರನ ಗುಡಿಯ ಮುಂದಿನ ಅಂಗಳದಲ್ಲಿ, ನಾಯಕರಿಗೆ ಪಟ್ಟ ಕಟ್ಟುತ್ತಿದ್ದ ಜಾಗದಲ್ಲಿ, ಸುಮ್ಮನೆ ಕೂತರೆ ಕೆಳಗಿನ ಊರು ಏಳುವ ಸದ್ದು ಮೇಲಕ್ಕೆ ಬರುತ್ತದೆ. ಮಾತು ಬೇಡವೆನಿಸುವ ಹೊತ್ತು ಅದು.

ಆದರೆ ಮೊದಲ ಸಲವೇ ಮೊಬೈಲ್ ನಂಬಿ ಹತ್ತಬೇಡಿ. ನಕ್ಷೆ ದಾರಿ ತೋರಿಸುತ್ತದೆ, ಬಂಡೆಯ ಸಂದಿಯಲ್ಲಿ ಕವಲೊಡೆಯುವ ಕಾಲುದಾರಿಗಳನ್ನು ತೋರಿಸುವುದಿಲ್ಲ. ಬಂಡೆಗಳ ನಡುವೆ ಸಿಗ್ನಲ್ ಹೋಗಿ ಬರುತ್ತಿರುತ್ತದೆ. ಮೊಬೈಲಿನಲ್ಲಿ ಸಿಗುವ ವಿಡಿಯೊಗಳಲ್ಲಿ ಒಬ್ಬರು ಹೇಳಿದ ಕಥೆಯನ್ನೇ ಹತ್ತು ಜನ ಬಣ್ಣ ಹಚ್ಚಿ ಹೇಳಿರುತ್ತಾರೆ. ನಾನು ಒಬ್ಬಳೇ ಹತ್ತಿದ ದಿನ ಎಣ್ಣೆಕೊಳವನ್ನು ಪಕ್ಕದಲ್ಲೇ ಹಾದುಹೋಗಿಯೂ ನೋಡಲಿಲ್ಲ.

ಒಬ್ಬರೇ ಹೋಗುವವರಿಗೆ ಇನ್ನೊಂದು ಮಾತು. ತುಪ್ಪದ ಕೊಳದ ಬಂಡೆಯನ್ನು ಒಬ್ಬರೇ ಹತ್ತಬೇಡಿ. ಅಲ್ಲಿ ಕಾಲಿನ ತುದಿ ಊರುವಷ್ಟು ಮಾತ್ರ ಕಚ್ಚು ಕೊರೆದಿದ್ದಾರೆ. ಹತ್ತುವಾಗ ಧೈರ್ಯ ಇರುತ್ತದೆ, ಇಳಿಯುವಾಗ ಬಂಡೆ ಎಷ್ಟು ಕಡಿದಾಗಿದೆ ಎಂಬುದು ಗೊತ್ತಾಗುತ್ತದೆ. ಮಳೆಯಲ್ಲಂತೂ ಅದರ ಹತ್ತಿರವೂ ಸುಳಿಯಬಾರದು.

ಊರಿನ ಹಿರಿಯರು ಸಿಕ್ಕರೆ

ತಂಗಿಯ ಮಗಳು ಇಂಗ್ಲೆಂಡಿನಲ್ಲಿ ಓದುವಾಗ ಬಾತ್ ಎಂಬ ಊರಿಗೆ ಹೋಗಿದ್ದಳು. ಅಲ್ಲಿ 46 ಡಿಗ್ರಿ ಬಿಸಿಯ ನೀರು ನೆಲದಿಂದ ತಾನಾಗಿ ಉಕ್ಕುತ್ತದೆ. ಅದರ ಸುತ್ತ ರೋಮನ್ನರು ಸ್ನಾನಗೃಹ ಕಟ್ಟಿದರು, ಅದರ ಸುತ್ತ ಊರು ಬೆಳೆಯಿತು. 1987ರಲ್ಲಿ ಯುನೆಸ್ಕೊ ಇಡೀ ನಗರವನ್ನೇ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಆ ಊರಿನಲ್ಲಿ ಮೇಯರ್ ಹೆಸರಿನ ಒಂದು ಸ್ವಯಂಸೇವಕರ ತಂಡವಿದೆ. ಊರಿನವರೇ ಬಂದವರನ್ನು ಉಚಿತವಾಗಿ ನಡೆಸಿಕೊಂಡು ಹೋಗಿ ಊರು ತೋರಿಸುತ್ತಾರೆ, ಭಕ್ಷೀಸನ್ನೂ ಮುಟ್ಟುವುದಿಲ್ಲ. ಅವಳು ಒಂದು ದಿನ ಅವರ ಜೊತೆ ನಡೆದಳು, ಮರುದಿನ ಗೆಳತಿಯರೊಡನೆ ದುಡ್ಡು ಕೊಟ್ಟು ಖಾಸಗಿ ಗೈಡನ್ನೂ ಕರೆದುಕೊಂಡಳು. ವ್ಯತ್ಯಾಸವೇನು ಎಂದು ಕೇಳಿದೆ. ‘ದೊಡ್ಡಮ್ಮ, ಮೊದಲಿನವರು ತಮಗೆ ಪ್ರೀತಿಯಾದದ್ದನ್ನು ತೋರಿಸಿದರು. ಎರಡನೆಯವರು ನಮಗೆ ಏನು ಬೇಕೆಂದು ಕೇಳಿ ತೋರಿಸಿದರು. ಎರಡೂ ಬೇಕು’ ಎಂದಳು.

ದುರ್ಗದಲ್ಲಿ ಅಂಥ ತಂಡದ ಕೆಲಸವನ್ನು ಹಳೆಯ ಮೇಷ್ಟ್ರುಗಳು, ಗರಡಿಯಲ್ಲಿ ಪಳಗಿದ ಅಜ್ಜಂದಿರು, ಗುಡಿಯ ಪೂಜಾರಿಗಳು ತಮ್ಮ ಪಾಡಿಗೆ ಮಾಡುತ್ತಾರೆ. ನನಗೆ ಹೈಸ್ಕೂಲಿನಲ್ಲಿ ಕಲಿಸಿದ ಮೇಷ್ಟ್ರೊಬ್ಬರು ನಿವೃತ್ತರಾದ ಮೇಲೆ ನಮ್ಮನ್ನೊಮ್ಮೆ ಕೆಳಗಿನ ಸುತ್ತುಗಳಿಗೆ ಮಾತ್ರ ಕರೆದುಕೊಂಡು ಹೋದರು. ಬೆಟ್ಟ ಹತ್ತಲೇ ಇಲ್ಲ. ರಂಗಯ್ಯನ ಬಾಗಿಲಿನಿಂದ ಶುರುಮಾಡಿ, ಅಲ್ಲಿನ ವಸ್ತುಸಂಗ್ರಹಾಲಯದಲ್ಲಿ ಅರ್ಧ ಗಂಟೆ ಕಳೆದು, ಓಣಿ ಓಣಿ ಸುತ್ತಿಸಿದರು. ಒಂದು ಮನೆಯ ಹಿತ್ತಲಿನ ಗೋಡೆ ತೋರಿಸಿ, ‘ಇದು ಕೋಟೆಯದೇ, ಮನೆಯವರು ಸುಣ್ಣ ಬಳಿದಿದ್ದಾರೆ ಅಷ್ಟೇ’ ಎಂದರು. 1748ರಲ್ಲಿ ಮಾಯಕೊಂಡದ ಯುದ್ಧದಲ್ಲಿ ಹಿರೇ ಮದಕರಿ ನಾಯಕ ಮಡಿದ ಸುದ್ದಿ ಈ ಬೀದಿಗಳಿಗೆ ಮುಟ್ಟಿದಾಗ ಊರು ಹೇಗಿದ್ದಿರಬೇಕು ಎಂದು ಹೇಳುತ್ತಾ ಅವರ ಗಂಟಲು ಕಟ್ಟಿತು. ಮಾಯಕೊಂಡ ಇಂದು ನಮ್ಮ ದಾವಣಗೆರೆ ಜಿಲ್ಲೆಯಲ್ಲಿದೆ. ಅದರ ಮೇಲೆಯೇ ರೈಲಿನಲ್ಲಿ ಎಷ್ಟೋ ಸಲ ಓಡಾಡಿದ್ದ ನನಗೆ ಆ ಹೆಸರು ಅಂದಿನಿಂದ ಬೇರೆಯಾಗಿ ಕೇಳಿಸುತ್ತದೆ.

ಇಂಥ ಹಿರಿಯರನ್ನು ಕೊಳ್ಳಲಾಗದು. ಪರಿಚಯದವರ ಮೂಲಕ ಕೇಳಬೇಕು, ಅವರ ಬಿಡುವು ನೋಡಬೇಕು, ಹಣ್ಣು ಹಂಪಲು ಒಯ್ಯಬೇಕು. ಅವರಿಗೆ ಇಷ್ಟವಾದ ಒಂದೇ ವಿಷಯ ಇಡೀ ಬೆಳಗನ್ನು ತಿನ್ನುವುದೂ ಉಂಟು. ಮಕ್ಕಳಿಗೆ ಆಗ ಹಸಿವಾಗುತ್ತದೆ. ಹಾಗಾಗಿ ಇದು ಮೂರನೆಯ ಭೇಟಿಗೆ, ಕೋಟೆಯನ್ನು ಈಗಾಗಲೇ ಹಚ್ಚಿಕೊಂಡವರಿಗೆ.

ಓಬವ್ವನ ಕಿಂಡಿಯ ಮುಂದೆ

ಯಾರ ಜೊತೆ ಹೋದರೂ ಎಲ್ಲರೂ ನಿಲ್ಲುವ ಜಾಗ ಇದು. ಅಲ್ಲಿಯೇ ನಾಲ್ಕು ಬಗೆಯ ನಡಿಗೆಯ ವ್ಯತ್ಯಾಸ ಚೆನ್ನಾಗಿ ತಿಳಿಯುತ್ತದೆ. ಗುಂಪಿನಲ್ಲಿ ಹೋದರೆ ಕಥೆ ಸಿಗುತ್ತದೆ: ಕಾವಲಿನ ಗಂಡ ಊಟಕ್ಕೆ ಬಂದಿದ್ದ, ನೀರು ತರಲು ಬಂದ ಓಬವ್ವ ಕಿಂಡಿಯಲ್ಲಿ ತೂರುತ್ತಿದ್ದ ಹೈದರನ ಸೈನಿಕರನ್ನು ಕಂಡಳು, ಒನಕೆಯಿಂದ ಒಬ್ಬೊಬ್ಬರನ್ನೂ ಕೊಂದಳು. ಇದು ನಮಗೆಲ್ಲ ಬಾಲ್ಯದಿಂದ ಗೊತ್ತು. ಒಬ್ಬರೇ ಹೋದರೆ ಕಿಂಡಿಯ ತಂಪು, ಕತ್ತಲು, ಕಲ್ಲಿನ ವಾಸನೆ ಸಿಗುತ್ತದೆ.

ನಮ್ಮ ಒಳ್ಳೆಯ ಗೈಡ್ ಮಾಡಿದ್ದೇ ಬೇರೆ. ಕಿಂಡಿಗೆ ಹೋಗುವ ಮೊದಲೇ ಹತ್ತಿರದ ತಣ್ಣೀರು ದೋಣಿಗೆ ಕರೆದುಕೊಂಡು ಹೋದರು. ಕಲ್ಲಿನ ನಡುವೆ ತಂಪಾಗಿ ನಿಂತ ಒಂದಿಷ್ಟು ನೀರು. ‘ಅಕ್ಕಾ, ನೀವು ಕೊಡ ಹಿಡಿದುಕೊಂಡು ಇಲ್ಲಿಗೆ ಬಂದಿದ್ದೀರಿ ಅಂದುಕೊಳ್ಳಿ. ಈಗ ಕಿವಿಗೊಡಿ’ ಎಂದು ನಾದಿನಿಗೆ ಹೇಳಿ, ಅವಳ ಮಗನನ್ನು ಕಿಂಡಿಯ ಆಚೆ ಕಳುಹಿಸಿ ಪಿಸುಮಾತಿನಲ್ಲಿ ಏನಾದರೂ ಹೇಳಲು ಹೇಳಿದರು. ಗಾಳಿ ನಿಂತಿದ್ದ ಹೊತ್ತು. ಅವನ ಚಪ್ಪಲಿ ಕಲ್ಲಿಗೆ ಉಜ್ಜಿದ ಸದ್ದು ನಮಗೆಲ್ಲ ಕೇಳಿಸಿತು. ಆಮೇಲೆ ಅವನು ಬಗ್ಗಿ, ತಲೆ ಮೊದಲು ಮಾಡಿ, ಕೈ ಊರಿಕೊಂಡು ಹೊರಬರುವುದನ್ನು ನೋಡಿದೆವು. ಆ ಭಂಗಿಯಲ್ಲಿರುವವನ ಕೈಗೆ ಕತ್ತಿ ಎಟಕುವುದಿಲ್ಲ, ತಲೆ ಎತ್ತಲೂ ಆಗುವುದಿಲ್ಲ. ಓಬವ್ವನ ಬುದ್ಧಿ ಎಷ್ಟು ಚುರುಕಾಗಿತ್ತು ಎಂದು ಆ ದಿನ ನಾದಿನಿ ದಾರಿಯುದ್ದಕ್ಕೂ ಹೇಳುತ್ತಲೇ ಇದ್ದಳು. ಬತ್ತ ಕುಟ್ಟುವ ಒನಕೆಯನ್ನು ಹಿಡಿದು ಬೆಳೆದ ಕೈಗೆ, ಎತ್ತಿ ನೇರ ಕೆಳಗೆ ಇಳಿಸುವ ಏಟು ಯಾರೂ ಕಲಿಸಬೇಕಾದ್ದಲ್ಲ.

ನವೆಂಬರ್ 11ರಂದು ಸರ್ಕಾರ 2021ರಿಂದ ಓಬವ್ವ ಜಯಂತಿ ಆಚರಿಸುತ್ತಿದೆ. ಆ ದಿನದ ಸಂಭ್ರಮ ನೋಡಲೇಬೇಕೆಂದರೆ ಬನ್ನಿ, ಕೋಟೆ ನೋಡಬೇಕೆಂದರೆ ಬೇರೆ ದಿನ ಬನ್ನಿ.

ಚಂದ್ರವಳ್ಳಿಗೆ ಮಾತ್ರ ಗೈಡ್ ಇಲ್ಲದೆ ಹೋಗಬೇಡಿ

ಕೋಟೆಗೆ ಬಂದವರು ಸಂಜೆಗೆ ಹತ್ತಿರದ ಚಂದ್ರವಳ್ಳಿಯ ಗುಹೆಗಳನ್ನೂ ಸೇರಿಸಿಕೊಳ್ಳುತ್ತಾರೆ. ಇಲ್ಲಿ ನನ್ನ ಹೋಲಿಕೆಗೆ ಜಾಗವೇ ಇಲ್ಲ. ಅಂಕಲಿ ಮಠದ ಗುಹೆ ನೆಲದೊಳಗೆ ಇಳಿಯುತ್ತದೆ, ಕೋಣೆಯೊಳಗೆ ಕೋಣೆ, ಹಾಡಹಗಲಲ್ಲೂ ಗವ್ವೆನ್ನುವ ಕತ್ತಲು. ಟಾರ್ಚ್ ಹಿಡಿದು ಮುಂದೆ ನಡೆಯುವವರು ಬೇಕೇ ಬೇಕು. ಉಸಿರಾಟದ ತೊಂದರೆ ಇರುವವರು ಒಳಗೆ ಹೋಗದೆ ಕೆರೆಯ ಏರಿಯ ಕಡೆ ಕೂರುವುದು ಒಳ್ಳೆಯದು.

ಅಲ್ಲಿಗೆ ಹೋದಾಗ ಭೈರವೇಶ್ವರ ಗುಡಿಯ ಬಳಿಯ ಬಂಡೆಯನ್ನು ತೋರಿಸುವಂತೆ ಕೇಳಿ. ಕದಂಬ ಮಯೂರಶರ್ಮ ಕೆರೆ ಕಟ್ಟಿಸಿದ್ದನ್ನು ಹೇಳುವ ಪ್ರಾಕೃತ ಶಾಸನ ಅಲ್ಲಿದೆ. ನಾಯಕರಿಗಿಂತ ಸಾವಿರ ವರ್ಷಕ್ಕೂ ಹಿಂದೆ ಇಲ್ಲಿ ಆಳಿದವನು ಕಲ್ಲಿನಲ್ಲಿ ಕೊರೆಸಿ ಉಳಿಸಿದ್ದು ನೀರಿನ ಸುದ್ದಿಯನ್ನೇ. 1947ರಲ್ಲಿ ಬ್ರಿಟಿಷ್ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಇಲ್ಲಿ ಉತ್ಖನನ ನಡೆಸಿದರು. ಈ ನೆಲದಲ್ಲಿ ಶಾತವಾಹನರ ನಾಣ್ಯಗಳ ಜೊತೆ ರೋಮಿನ ನಾಣ್ಯಗಳೂ ಸಿಕ್ಕಿವೆ. ಬಾತ್ ಊರಿನ ಸ್ನಾನಗೃಹ ಕಟ್ಟಿದ ಅದೇ ರೋಮನ್ನರ ಕಾಸು ನಮ್ಮ ದುರ್ಗದ ಮಣ್ಣಿನಲ್ಲಿತ್ತು ಎಂದು ಹೇಳಿದಾಗ ತಂಗಿಯ ಮಗಳು ಎರಡು ನಿಮಿಷ ಮಾತಾಡಲಿಲ್ಲ.

ಹೊರಡುವ ಮುನ್ನ

ದಾವಣಗೆರೆಯಿಂದ ದುರ್ಗಕ್ಕೆ ಹೆದ್ದಾರಿಯಲ್ಲಿ ಸುಮಾರು 60 ಕಿಲೋಮೀಟರ್. ಬೆಳಿಗ್ಗೆ ಆರಕ್ಕೆ ಮನೆ ಬಿಟ್ಟರೆ ಏಳೂವರೆಗೆ ಬೆಟ್ಟದ ಬುಡ. ಸೆಪ್ಟೆಂಬರ್‌ನಿಂದ ಜನವರಿ ಒಳ್ಳೆಯ ಕಾಲ, ಮಳೆಯಾದ ಮೇಲೆ ಹೊಂಡಗಳಲ್ಲಿ ನೀರು ಇರುತ್ತದೆ. ಮಾರ್ಚ್ ಬಂತೆಂದರೆ ಹತ್ತು ಗಂಟೆಗೇ ಬಂಡೆ ಕಾಯುತ್ತದೆ. 15 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ. ಹಿಡಿತವಿರುವ ಬೂಟು ಹಾಕಿಕೊಳ್ಳಿ. ತಿಂಡಿಯನ್ನು ಕೈಯಲ್ಲಿ ಹಿಡಿದು ನಡೆದರೆ ಕೋತಿಗಳು ಬಿಡುವುದಿಲ್ಲ, ಚೀಲದೊಳಗೆ ಇಡಿ. ತಲೆಗೆ ಒಂದು ಲೀಟರ್ ನೀರು ಬೇಕು.

ಇಳಿಯುವಾಗ ನೇರವಾಗಿ ಬಸ್ ನಿಲ್ದಾಣಕ್ಕೆ ಆಟೊ ಹತ್ತಬೇಡಿ. ಗೈಡಿಗೆ ಇನ್ನೊಂದಿಷ್ಟು ಕೊಟ್ಟಾದರೂ ಸರಿ, ನೀರು ಇಳಿದ ದಾರಿಯಲ್ಲೇ ಸಿಹಿನೀರು ಹೊಂಡಕ್ಕೂ ಸಂತೆಹೊಂಡಕ್ಕೂ ಕರೆದುಕೊಂಡು ಹೋಗಲು ಹೇಳಿ. ನಾದಿನಿಯವರು ಬಂದ ದಿನ ನಾವು ಹೀಗೆಯೇ ಮಾಡಿದೆವು. ಮೊದಲ ಬಾಗಿಲಿನಾಚೆ ಹತ್ತಲಾಗದೆ ಕೆಳಗೇ ಉಳಿದಿದ್ದ ಅತ್ತೆಯನ್ನು ಆಟೊದಲ್ಲಿ ಕೂರಿಸಿಕೊಂಡು ಸಂತೆಹೊಂಡದ ಬಳಿ ಇಳಿಸಿದೆವು. ಹುಡುಗ ಅಜ್ಜಿಯ ಕೈ ಹಿಡಿದು ಹೊಂಡದ ಕಟ್ಟೆಯ ಹತ್ತಿರ ನಿಲ್ಲಿಸಿ, ಬೆಟ್ಟದ ತುದಿಯತ್ತ ಬೆರಳು ತೋರಿಸಿ, ಗೋಪಾಲಸ್ವಾಮಿಯ ಹೊಂಡದಿಂದ ಹಿಡಿದು ಒಂದೊಂದೇ ಹೆಸರು ಹೇಳುತ್ತಾ ಬೆರಳನ್ನು ಕೆಳಕ್ಕೆ ಇಳಿಸುತ್ತಾ ಬಂದ. ಅತ್ತೆ ನೀರನ್ನೇ ನೋಡುತ್ತಾ ನಿಂತರು. ಆಮೇಲೆ, ‘ಹಾಗಾದರೆ ಮೇಲಿನದೆಲ್ಲ ನಾನೂ ನೋಡಿದಂತಾಯಿತಲ್ಲ’ ಎಂದು ಬಾಗಿ, ನಿಂತ ಕಟ್ಟೆಯ ಕಲ್ಲನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು.